ಕಾರು ಹೊರಗೆ, ಹೊಲ ಒಳಗೆ

ಗಂಟೆ ಹೊಡೆಯಲು ಹತ್ತು ನಿಮಿಷ ಇರುವಾಗ ಡೇವಿಸ್ ವಿಶ್ವವಿದ್ಯಾಲಯದ ನಡುಭಾಗದಲ್ಲಿ ರಸ್ತೆ ದಾಟಲು ಹೋಗಬಾರದು. ಆಗಷ್ಟೇ ತರಗತಿ ಬಿಟ್ಟಿರುತ್ತದೆ. ಗ್ರಂಥಾಲಯದ ಕಡೆಯಿಂದ, ಪ್ರಯೋಗಾಲಯಗಳ ಕಡೆಯಿಂದ, ಹಾಸ್ಟೆಲುಗಳ ಕಡೆಯಿಂದ ಸೈಕಲ್ಲುಗಳು ಹಿಂಡುಹಿಂಡಾಗಿ ಬರುತ್ತವೆ. ದಾರಿಗಳು ಕೂಡುವಲ್ಲಿ ಪುಟ್ಟ ವೃತ್ತಗಳಿವೆ. ಬಂದವರೆಲ್ಲ ವೃತ್ತಕ್ಕೆ ಸೇರಿಕೊಂಡು, ಅರ್ಧವೋ ಮುಕ್ಕಾಲೋ ಸುತ್ತು ಹಾಕಿ, ತಮ್ಮ ದಾರಿ ಬಂದಾಗ ಕಳಚಿಕೊಳ್ಳುತ್ತಾರೆ. ಸಿಗ್ನಲ್ ಇಲ್ಲ, ಪೊಲೀಸರಿಲ್ಲ, ಹಾರ್ನ್ ಸದ್ದಿಲ್ಲ. ಸೆಪ್ಟೆಂಬರ್ ಕೊನೆಯ ವಾರವಾದ್ದರಿಂದ ಹೊಸದಾಗಿ ಸೇರಿದ ಹುಡುಗರು ತಡಬಡಾಯಿಸುತ್ತಿದ್ದರು. ಒಬ್ಬ ನಮ್ಮೆದುರೇ ಬಿದ್ದು, ಮಂಡಿ ಕೊಡವಿಕೊಂಡು ಹೊರಟ. "ಈ ಕಡೆ ಬರ್ರಿ ಸರ್, ಇನ್ನ ಹತ್ತು ನಿಮಿಷ ದಾಟಾಕ ಆಗಂಗಿಲ್ರಿ" ಎಂದು ನನ್ನ ಜೊತೆಗಿದ್ದ ಹಾವೇರಿ ಕಡೆಯ ಸಂಶೋಧನಾ ವಿದ್ಯಾರ್ಥಿ ನನ್ನನ್ನು ಮರದ ಬುಡಕ್ಕೆ ಕರೆದುಕೊಂಡ. ತರಗತಿಗಳು ನಡೆಯುವ ದಿನಗಳಲ್ಲಿ ಇಲ್ಲಿ ಓಡಾಡುವ ಸೈಕಲ್ಲುಗಳು ಹದಿನೈದರಿಂದ ಇಪ್ಪತ್ತು ಸಾವಿರ.

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಿಂದ ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ದೂರದ ಈ ಊರು ಪೂರಾ ಬಯಲು. ಬೇಸಿಗೆಯಲ್ಲಿ ಕಲಬುರಗಿಯ ಹಾಗೆ ಕಾಯುತ್ತದೆ, ಬಿಸಿಲು 40 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಕಳೆದ ಶತಮಾನದ ಆರಂಭದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರ ಕೃಷಿ ಫಾರ್ಮ್ ಆಗಿ ಶುರುವಾದ ಜಾಗ 1959ರಲ್ಲಿ ಎಲ್ಲ ವಿಷಯ ಕಲಿಸುವ ಕ್ಯಾಂಪಸ್ ಆಯಿತು. ವಿಸ್ತಾರ 5,300 ಎಕರೆ. ಆ ವರ್ಷವೇ ಕುಲಪತಿಯಾಗಿ ಬಂದ ಎಮಿಲ್ ಮ್ರಾಕ್, ವಿದ್ಯಾರ್ಥಿಗಳ ಸಂಖ್ಯೆ ಏರುವುದನ್ನು ಮುಂಚಿತವಾಗಿಯೇ ಕಂಡು, ಸೈಕಲ್ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಹಾಕಿ ಎಂದು ವಾಸ್ತುಶಿಲ್ಪಿಗಳಿಗೆ ಹೇಳಿದರು. ಅರವತ್ತರ ದಶಕದಲ್ಲಿ ಕ್ಯಾಂಪಸ್ಸಿನ ಒಡಲು ಕಾರುಗಳಿಗೆ ಮುಚ್ಚಿತು. ಇಡೀ ಅಮೆರಿಕ ಹೆದ್ದಾರಿ ಕಟ್ಟುವುದರಲ್ಲಿ ಮುಳುಗಿದ್ದ ಕಾಲದ ಮಾತಿದು.

ಊರಿನವರೂ ಸುಮ್ಮನಿರಲಿಲ್ಲ. ಇದೇ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫ್ರಾಂಕ್ ಚೈಲ್ಡ್ ಮತ್ತು ಅವರ ಪತ್ನಿ ಈವ್ ನೆದರ್ಲೆಂಡ್ಸ್‌ನಲ್ಲಿ ಕೆಲಕಾಲ ಇದ್ದು ಬಂದವರು. ಅಲ್ಲಿ ಕಂಡ ಸೈಕಲ್ ಪಥ ನಮ್ಮಲ್ಲೇಕಿಲ್ಲ ಎಂದು ಅವರು ಹಿಡಿದ ಹಟ ಪುರಸಭೆಯ ಚುನಾವಣೆಯ ವಿಷಯವಾಯಿತು. 1966ರಲ್ಲಿ ಸೈಕಲ್ ಪಥದ ಪರ ಇದ್ದವರೇ ಗೆದ್ದರು. ಮರುವರ್ಷ ಡೇವಿಸ್‌ನ ರಸ್ತೆಗಳಲ್ಲಿ ಎಳೆದ ಬಿಳಿ ಗೆರೆಗಳೇ ಅಮೆರಿಕದ ಮೊದಲ ಸೈಕಲ್ ಪಥಗಳು.

ಪರಿಸರ ಉಳಿಸಲೆಂದು ಸೈಕಲ್ ಹೊಡೆಯುತ್ತೀರಾ ಎಂದು ಕೆಲವರನ್ನು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಕಾರು ತಂದರೆ ಅಂಚಿನಲ್ಲಿ ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ದುಡ್ಡು ತೆರಬೇಕು, ಅಲ್ಲಿಂದ ನಡೆಯಬೇಕು. ಸೈಕಲ್ ತರಗತಿಯ ಬಾಗಿಲಿಗೇ ಬರುತ್ತದೆ. ಬೇಗ ತಲುಪುವ ದಾರಿಯನ್ನೇ ಹುಡುಗರು ಹಿಡಿಯುತ್ತಾರೆ, ಆ ದಾರಿ ಯಾವುದಾಗಬೇಕು ಎಂಬುದನ್ನು ಅರವತ್ತು ವರ್ಷದ ಹಿಂದೆಯೇ ನಕ್ಷೆ ತೀರ್ಮಾನಿಸಿದೆ. ಡೇವಿಸ್ ನೋಡಿ ನನಗೆ ಗಟ್ಟಿಯಾಗಿ ಅನಿಸಿದ್ದು ಇದೇ. ಜಾಥಾ, ಪ್ರತಿಜ್ಞೆ, ಭಿತ್ತಿಪತ್ರಗಳಿಂದ ಆಗದ ಕೆಲಸವನ್ನು ಒಂದು ಒಳ್ಳೆಯ ನಕ್ಷೆ ಸದ್ದಿಲ್ಲದೆ ಮಾಡುತ್ತದೆ.

ಸೈಲೋ ಎಂಬ ಕಟ್ಟಡದ ಪಕ್ಕ 1971ರಿಂದ ನಡೆದುಬಂದ ಸೈಕಲ್ ರಿಪೇರಿ ಅಂಗಡಿಯಿದೆ. ಬೈಕ್ ಬಾರ್ನ್ ಎಂದು ಹೆಸರು, ನಡೆಸುವುದು ವಿದ್ಯಾರ್ಥಿ ಸಂಘ. ಪಂಕ್ಚರ್ ಹಾಕುವವರು, ಚೈನಿಗೆ ಎಣ್ಣೆ ಬಿಡುವವರು ಎಲ್ಲ ಓದುವ ಮಕ್ಕಳೇ. ಓದು ಮುಗಿಸಿ ಹೋದವರು ಬಿಟ್ಟುಹೋದ ಸೈಕಲ್ಲುಗಳನ್ನು ವಿಶ್ವವಿದ್ಯಾಲಯ ಹರಾಜು ಹಾಕುತ್ತದೆ. ಸೈಲೋ ಸ್ವತಃ 1909ರ ದನದ ಕೊಟ್ಟಿಗೆ. ಈಗ ಅದರೊಳಗೆ ಊಟದ ಅಂಗಡಿಗಳು, ಹೊರಗೆ ಬಸ್ ನಿಲ್ದಾಣ.

ಆ ನಿಲ್ದಾಣದಲ್ಲಿ ಕೆಂಪು ಡಬಲ್ ಡೆಕರ್ ಬಂದು ನಿಂತಿತು. 1968ರಲ್ಲಿ ವಿದ್ಯಾರ್ಥಿ ಸಂಘವೇ ಲಂಡನ್ನಿನಿಂದ ಎರಡು ಹಳೆಯ ಡಬಲ್ ಡೆಕರ್ ತರಿಸಿ ಶುರುಮಾಡಿದ ಸಾರಿಗೆ ಇದು. ಹೆಸರು ಯುನಿಟ್ರಾನ್ಸ್. ಕೆಲವೇ ವರ್ಷಗಳಲ್ಲಿ ಊರಿನವರಿಗೂ ತೆರೆದುಕೊಂಡು ಇಂದು ಡೇವಿಸ್‌ನ ನಗರ ಸಾರಿಗೆಯೇ ಆಗಿದೆ. ಪದವಿ ವಿದ್ಯಾರ್ಥಿಗಳು ಗುರುತಿನ ಚೀಟಿ ತೋರಿಸಿ ಹತ್ತುತ್ತಾರೆ, ಅವರ ಟಿಕೆಟ್ ಹಣ ಶುಲ್ಕದಲ್ಲೇ ಸೇರಿರುತ್ತದೆ. ನೈಸರ್ಗಿಕ ಅನಿಲದ ಬಸ್ಸುಗಳ ಸಾಲಿಗೆ ಈಚೆಗೆ ವಿದ್ಯುತ್ ಬಸ್ಸುಗಳೂ ಸೇರಿವೆ. ಚಾಲಕರ ಸೀಟಿನಲ್ಲಿ ಕೂತವರೂ ವಿದ್ಯಾರ್ಥಿಗಳು. ಬೆಳಿಗ್ಗೆ ರಸಾಯನಶಾಸ್ತ್ರದ ಪಾಠ ಕೇಳಿದ ಹುಡುಗಿ ಮಧ್ಯಾಹ್ನ ಎರಡಂತಸ್ತಿನ ಬಸ್ಸನ್ನು ಊರ ತುಂಬ ಓಡಿಸುತ್ತಾಳೆ. ಆ ಹೊಣೆಯನ್ನು ಇಪ್ಪತ್ತರ ಹರೆಯದವರ ಕೈಗೆ ನಂಬಿ ಕೊಟ್ಟಿರುವುದು ನನಗೆ ಬಹಳ ಹಿಡಿಸಿತು.

ಪಶ್ಚಿಮದ ಅಂಚಿನಲ್ಲಿ ವಿದ್ಯಾರ್ಥಿಗಳ ಹೊಲವಿದೆ. ರಾಸಾಯನಿಕ ಇಲ್ಲದ ಬೇಸಾಯವನ್ನೂ ನಮಗೆ ಕಲಿಸಿ ಎಂದು ಎಪ್ಪತ್ತರ ದಶಕದ ವಿದ್ಯಾರ್ಥಿಗಳು ಪಟ್ಟು ಹಿಡಿದ ಫಲವಾಗಿ 1977ರಲ್ಲಿ ಹುಟ್ಟಿಕೊಂಡಿತು. ಅದೇ ಡೇವಿಸ್‌ನಲ್ಲಿ ಟೊಮೆಟೊ ಕೊಯ್ಯುವ ಯಂತ್ರವನ್ನೂ, ಆ ಯಂತ್ರದ ಪೆಟ್ಟು ತಾಳುವ ತಳಿಯನ್ನೂ ರೂಪಿಸಿದ್ದರು ಎಂಬುದನ್ನು ನೆನೆದರೆ, ಈ ಬೇಡಿಕೆ ಎಷ್ಟು ಎದುರು ಈಜು ಎಂದು ತಿಳಿದೀತು. ನಾವು ಹೋದಾಗ ಬದನೆ, ದೊಡ್ಡ ಮೆಣಸಿನಕಾಯಿ, ಟೊಮೆಟೊ ಬಿಡಿಸುವ ಸಮಯ. ಸಾಲಿನ ನಡುವೆ ಕೂತಿದ್ದ ಹುಡುಗರ ಉಗುರಿನಲ್ಲೆಲ್ಲ ಮಣ್ಣು. ಬಿಡಿಸಿದ್ದರಲ್ಲಿ ಒಂದಷ್ಟು ವಾರದ ಬುಟ್ಟಿಗಳಾಗಿ ಚಂದಾದಾರರಿಗೆ ಹೋಗುತ್ತದೆ. ಒಂದಷ್ಟು ಹಾಸ್ಟೆಲಿನ ಊಟದ ಮನೆಗೆ, ಒಂದಷ್ಟು 1968ರಿಂದ ವಿದ್ಯಾರ್ಥಿ ಸಂಘವೇ ನಡೆಸುತ್ತಿರುವ ಕಾಫಿ ಹೌಸಿಗೆ. ಇನ್ನೊಂದು ಪಾಲು ವಿದ್ಯಾರ್ಥಿಗಳ ಉಚಿತ ದಿನಸಿ ಕೇಂದ್ರಕ್ಕೆ.

ಆ ಕೊನೆಯ ಪಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ಯಾಲಿಫೋರ್ನಿಯಾದಂಥ ಸಿರಿವಂತ ನಾಡಿನಲ್ಲೂ ಬಾಡಿಗೆ ಕಟ್ಟಿದ ಮೇಲೆ ತರಕಾರಿಗೆ ಕಾಸು ಉಳಿಯದ ವಿದ್ಯಾರ್ಥಿಗಳಿದ್ದಾರೆ. ಅವರು ಬಂದು, ಕೇಳದೆ ಕೊಡುವ ಕಪಾಟಿನಿಂದ ತಾಜಾ ಸೊಪ್ಪು ಒಯ್ಯುತ್ತಾರೆ. ಹಸಿದವರಿಗೆ ಮುಟ್ಟದ ಸಾವಯವ ಕೃಷಿ ಉಳ್ಳವರ ಹವ್ಯಾಸವಷ್ಟೇ ಆಗಿ ಉಳಿಯುತ್ತದೆ. ಇಲ್ಲಿನ ಹೊಲ ಹಾಗಾಗಿಲ್ಲ.

ತಟ್ಟೆಯಲ್ಲಿ ಉಳಿದದ್ದರ ಗತಿಯೇನು? ಪ್ರಾಧ್ಯಾಪಕಿ ರುಯಿಹಾಂಗ್ ಜಾಂಗ್ ಅವರ ಸಂಶೋಧನೆಯ ಮೇಲೆ ನಿಂತ ಜೈವಿಕ ಅನಿಲ ಘಟಕವನ್ನು 2014ರಲ್ಲಿ ಇಲ್ಲಿ ಆರಂಭಿಸಿದರು. ದಿನಕ್ಕೆ 50 ಟನ್ ಹಸಿ ಕಸವನ್ನು ಅನಿಲವಾಗಿಸಿ ಕರೆಂಟ್ ತೆಗೆಯುವ ಸಾಮರ್ಥ್ಯದ್ದು. ಕಟ್ಟಿದ್ದು ಕ್ಯಾಂಪಸ್ಸಿನ ಹಳೆಯ ಕಸದ ಗುಂಡಿಯ ಜಾಗದಲ್ಲಿ. ಅನಿಲದ ಮಾತು ಇಲ್ಲಿನ ದನಗಳಿಗೂ ತಾಗುತ್ತದೆ. ಹಾಸ್ಟೆಲಿಗೆ ಸಗಣಿಯ ವಾಸನೆ ತಲುಪುವಷ್ಟು ಹತ್ತಿರದಲ್ಲಿ ದನಗಳ ಕೊಟ್ಟಿಗೆಗಳಿವೆ. ಮೇವಿಗೆ ತುಸು ಕಡಲಕಳೆ ಬೆರೆಸಿದರೆ ದನಗಳ ತೇಗಿನ ಮಿಥೇನ್ ಶೇ 80ಕ್ಕೂ ಹೆಚ್ಚು ತಗ್ಗಬಲ್ಲದು ಎಂದು ಎರ್ಮಿಯಾಸ್ ಕೆಬ್ರಿಯಾಬ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗ ಡೇವಿಸ್‌ನದೇ.

ಉತ್ತರದ ರಸೆಲ್ ಬುಲೆವಾರ್ಡ್‌ಗೆ ಬಂದಾಗ ಸಂಜೆಯಾಗಿತ್ತು. ಸೈಕಲ್ ಪಥದ ಪಕ್ಕದಲ್ಲೇ ಹಳೆಯ ಆಲಿವ್ ಮರಗಳ ಸಾಲು, ಕಾಯಿ ಇನ್ನೂ ಹಸಿರು. ಹಿಂದೆ ಹಣ್ಣಾಗಿ ಉದುರಿದ್ದು ಪಥದ ಮೇಲೆ ಜಜ್ಜಿ, ಎಣ್ಣೆ ಹರಡಿ, ಸವಾರರು ಜಾರಿ ಬೀಳುತ್ತಿದ್ದರು. ತೊಳೆಯುವ ಖರ್ಚು, ಬಿದ್ದವರಿಗೆ ಪರಿಹಾರದ ಖರ್ಚು. ಇನ್ನೊಬ್ಬರಾಗಿದ್ದರೆ ಮರ ಕಡಿಸುತ್ತಿದ್ದರೇನೋ. ತೋಟ ಮತ್ತು ಕಟ್ಟಡಗಳ ಮೇಲ್ವಿಚಾರಕರಾಗಿದ್ದ ಸಾಲ್ ಜೆನಿಟೊ, ಉದುರುವ ಮೊದಲೇ ಕೊಯ್ದು ಗಾಣಕ್ಕೆ ಕಳಿಸೋಣ ಎಂದರು. 2005ರಲ್ಲಿ ಮೊದಲ ಎಣ್ಣೆ ಬಂತು, ಕ್ಯಾಂಪಸ್ಸಿನ ಪುಸ್ತಕದಂಗಡಿಯಲ್ಲೇ ಸೀಸೆಗಳು ಮಾರಾಟವಾದವು. 2008ರಲ್ಲಿ ಆಲಿವ್ ಅಧ್ಯಯನಕ್ಕೆ ಪ್ರತ್ಯೇಕ ಕೇಂದ್ರವೇ ತೆರೆಯಿತು.

ಆ ಮರಗಳ ಕೆಳಗೆ ನನಗೆ ನಮ್ಮ ಹೊಂಗೆ ನೆನಪಾಯಿತು. ಹೊಂಗೆಯ ನೆರಳಿಲ್ಲದ ವಿಶ್ವವಿದ್ಯಾಲಯ ಕರ್ನಾಟಕದಲ್ಲಿ ಇರಲಾರದು. ಅದರ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ ಎಂಬುದನ್ನು ನಮ್ಮ ಅಜ್ಜಿಯರೇ ಬಲ್ಲರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಹಳ್ಳಿಯಲ್ಲಿ ಜನರೇಟರ್ ಓಡಿಸಿ ತೋರಿಸಿದ್ದಾರೆ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ. ಕಾರಿನ ವಿಷಯಕ್ಕೆ ಬಂದರೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ವಿದ್ಯಾರ್ಥಿಗಳು ಹೊರಗಿನ ವಾಹನಗಳನ್ನು ಕ್ಯಾಂಪಸ್ ಒಳಗೆ ಬಿಡಬೇಡಿ ಎಂದು 2022ರಲ್ಲಿ ಪ್ರತಿಭಟನೆಗೆ ಇಳಿದಿದ್ದರು. ತಿಳಿವಳಿಕೆಯೂ ಇದೆ, ಕೇಳುವ ಮಕ್ಕಳೂ ಇದ್ದಾರೆ. ನಮ್ಮ ಕುಲಪತಿಗಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಕಟ್ಟಡಕ್ಕೆ ಟೆಂಡರ್ ಕರೆಯುವ ಮೊದಲು ಕ್ಯಾಂಪಸ್ಸಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕಾರು ಎಲ್ಲಿ ನಿಲ್ಲಬೇಕೆಂದು ಗೆರೆ ಎಳೆಯಿರಿ. ಹಾಸ್ಟೆಲ್ ಅಡುಗೆಮನೆಗೆ ಹತ್ತಿರದಲ್ಲಿ ಎರಡೆಕರೆ ಜಾಗ ಹುಡುಗರಿಗೆ ಬಿಟ್ಟುಕೊಡಿ. ಈ ಬಾರಿ ಹೊಂಗೆಕಾಯಿ ಬಲಿತಾಗ ಆಯ್ದು ಗಾಣಕ್ಕೆ ಕಳಿಸಿ ನೋಡಿ.