ಕಸವಲ್ಲ, ಸೂರಕ್ಕಿಯ ಗೂಡು

ನಮ್ಮ ವಾಚನಾಲಯದ ಕಿಟಕಿಯಾಚೆ ಬಳ್ಳಿಯಲ್ಲಿ ಕಸದ ಗಂಟೊಂದು ತೂಗಾಡುತ್ತಿರುವುದನ್ನು ಓದುಗ ಬಂಧುಗಳು ಕಂಡಿರಬಹುದು. ಗುಡಿಸುವಾಗ ಅದನ್ನೇಕೆ ಕಿತ್ತೆಸೆಯುವುದಿಲ್ಲವೆಂದು ಕೆಲವರು ಕೇಳಿದ್ದಾರೆ. ಅದು ಕಸವಲ್ಲ, ಸೂರಕ್ಕಿಯ ಗೂಡು. ಆದಕಾರಣ ಈ ಹಕ್ಕಿಯ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸೂರಕ್ಕಿ ಗುಬ್ಬಿಗಿಂತ ಚಿಕ್ಕದು. ಅದರ ಕೊಕ್ಕು ಸಪೂರವಾಗಿ ಕೆಳಕ್ಕೆ ಬಾಗಿರುತ್ತದೆ. ಹೈದರಾಬಾದಿನ ತೋಟಗಳಲ್ಲಿ ಕಾಣಸಿಗುವ ನೇರಳೆ ಸೂರಕ್ಕಿಯ ಗಂಡು, ಮರಿಮಾಡುವ ಕಾಲದಲ್ಲಿ ದೂರಕ್ಕೆ ಕಪ್ಪಾಗಿ ಕಂಡರೂ ಬಿಸಿಲು ಬಿದ್ದೊಡನೆ ನೀಲಿ ನೇರಳೆಯಾಗಿ ಹೊಳೆಯುತ್ತದೆ. ಹೆಣ್ಣಿನ ಬೆನ್ನು ಮಂಕು ಕಂದು, ಹೊಟ್ಟೆ ಹಳದಿ. ಈ ಕುಟುಂಬದ ಬಹುಪಾಲು ಹಕ್ಕಿಗಳು ಆಫ್ರಿಕಾ ಖಂಡದವು. ನಮ್ಮ ನೇರಳೆ ಸೂರಕ್ಕಿಯಾದರೋ ಅರಬಸ್ಥಾನದ ಪೂರ್ವ ಭಾಗದಿಂದ ವಿಯೆಟ್ನಾಮಿನವರೆಗೆ ಹರಡಿದೆ. ಕುರುಚಲು ಕಾಡು, ಹೊಲದಂಚು, ಮನೆಯ ಹಿತ್ತಲು ಇದರ ನೆಲೆ. ಬೀದರ, ಗುಲ್ಬರ್ಗ, ರಾಯಚೂರುಗಳಿಂದ ಬಂದ ನಮ್ಮವರಿಗೆ ಇದು ಊರಿನ ಹಕ್ಕಿಯೂ ಹೌದು. ಆ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಈ ಸೀಮೆಯ ಹಕ್ಕಿಗಳನ್ನು ಸಲೀಂ ಅಲಿಯವರು 1931-32ರಲ್ಲಿ ಸಮೀಕ್ಷೆ ಮಾಡಿದ್ದರು.

ಇದರ ಮುಖ್ಯ ಆಹಾರ ಮಕರಂದ. ದಾಸವಾಳ, ಮುತ್ತುಗ ಮೊದಲಾದ ಹೂಗಳ ಬಳಿ ರೆಂಬೆಯ ಮೇಲೆ ಕುಳಿತು, ಕೊಳವೆಯಂಥ ನಾಲಗೆಯಿಂದ ಹೀರುತ್ತದೆ. ಹೂವು ಬಹಳ ಉದ್ದವಾಗಿದ್ದರೆ ಬುಡದಲ್ಲೇ ತೂತು ಮಾಡಿ ಕುಡಿಯುವುದೂ ಉಂಟು. ಹೂವಿಂದ ಹೂವಿಗೆ ಹಾರುವಾಗ ಪರಾಗವನ್ನು ಹೊತ್ತು ಗಿಡಕ್ಕೆ ಉಪಕಾರ ಮಾಡುತ್ತದೆ. ಆದರೆ ಮರಿಗಳು ಬೆಳೆಯಲು ಮಕರಂದವೊಂದೇ ಸಾಲದು. ಅವಕ್ಕೆ ಸಣ್ಣ ಹುಳುಗಳೂ ಜೇಡಗಳೂ ಬೇಕು. ಹೂಗಿಡಗಳಿಗೆ ಕೀಟನಾಶಕ ಸಿಂಪಡಿಸಿದರೆ ಮರಿಗಳ ಊಟಕ್ಕೇ ಕಲ್ಲು ಬೀಳುತ್ತದೆ.

ಗೂಡು ಕಟ್ಟುವುದು ಹೆಣ್ಣು. ಹುಲ್ಲು, ಒಣಎಲೆ, ತೊಗಟೆಯ ಚೂರುಗಳನ್ನು ಜೇಡರ ಬಲೆಯ ನೂಲಿನಿಂದ ಬಿಗಿಯುತ್ತದೆ. ಪಕ್ಕದಲ್ಲಿ ಬಾಗಿಲು, ಅದರ ಮೇಲೊಂದು ಪುಟ್ಟ ಸೂರು. ಹೊರಗೆ ಕಸ ಅಂಟಿಕೊಂಡಂತಿರುವುದರಿಂದ ಶತ್ರುವಿನ ಕಣ್ಣಿಗೆ ಅದು ಗೂಡೆಂದು ತೋರದು. ಆ ವೇಷವೇ ನಮ್ಮ ಪೊರಕೆಯ ಮುಂದೆ ಅದಕ್ಕೆ ಅಪಾಯವಾಗಿದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಕೊಡುವುದೂ ಹೆಣ್ಣೇ. ಸುಮಾರು ಎರಡು ವಾರಕ್ಕೆ ಮರಿ ಹೊರಬರುತ್ತದೆ. ಮುಂದೆ ಗಂಡುಹೆಣ್ಣು ಎರಡೂ ಗುಟುಕು ಕೊಡುತ್ತವೆ. ಇನ್ನೆರಡು ವಾರದಲ್ಲಿ ಮರಿ ಹಾರಿಹೋಗುತ್ತದೆ.

ಅಂತೂ ಒಂದು ತಿಂಗಳ ಮಾತು. ಅಲ್ಲಿಯವರೆಗೆ ಆ ಕಿಟಕಿಯ ಬಾಗಿಲನ್ನು ರಭಸದಿಂದ ತೆರೆಯಬಾರದು, ಬಳ್ಳಿಯನ್ನು ಕತ್ತರಿಸಬಾರದು, ಗೂಡಿನೊಳಗೆ ಬೆರಳಿಟ್ಟು ನೋಡಬಾರದು ಎಂದು ವಿಜ್ಞಾಪನೆ. ತಮ್ಮ ಬಾಡಿಗೆ ಕೋಣೆಯ ಬಟ್ಟೆ ಒಣಗಿಸುವ ತಂತಿಯಲ್ಲಿ ಇಂಥ ಗಂಟು ಕಂಡವರು, ಕೀಳುವ ಮುನ್ನ ಅರ್ಧ ಗಂಟೆ ದೂರ ನಿಂತು ನೋಡಿರಿ.