ಹಾಡು ಕೇಳುವವರನ್ನು ನೋಡುವ ಕಾಲ

ಐದು ನಿಮಿಷದ ಒಂದು ಹಾಡು. ಆ ಹಾಡನ್ನು ಇನ್ನೊಬ್ಬರು ಕುಳಿತು ಕೇಳುತ್ತಿರುವುದನ್ನು ತೋರಿಸುವ ಇಪ್ಪತ್ತು ನಿಮಿಷದ ಒಂದು ವಿಡಿಯೊ. ಮೊದಲನೆಯದನ್ನು ನೋಡಿದವರಲ್ಲಿ ಬಹಳಷ್ಟು ಮಂದಿ ಎರಡನೆಯದನ್ನೂ ನೋಡುತ್ತಾರೆ. ಯೂಟ್ಯೂಬಿನಲ್ಲಿ ‘ರಿಯಾಕ್ಷನ್ ವಿಡಿಯೊ’ ಎಂಬ ಹೆಸರಿನಿಂದ ಬೆಳೆದಿರುವ ಈ ಪ್ರಕಾರವನ್ನು ನನ್ನ ತಲೆಮಾರಿನ ಅನೇಕರು ಹುಡುಗಾಟವೆಂದು ತಳ್ಳಿಹಾಕುತ್ತಾರೆ. ಉಣ್ಣುವವನನ್ನು ನೋಡುತ್ತ ಕುಳಿತರೆ ನೋಡುವವನ ಹೊಟ್ಟೆ ತುಂಬೀತೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ಆದರೆ ಇವುಗಳಲ್ಲಿ ಒಂದು ವರ್ಗ ಬೇರೆಯಾಗಿ ನಿಲ್ಲುತ್ತದೆ. ವಾದ್ಯಗಳ ನೆರವಿಲ್ಲದೆ ಬರಿಯ ಕಂಠಗಳಿಂದಲೇ ಹಾಡುವ ‘ಅಕಾಪೆಲಾ’ ತಂಡಗಳ ಪ್ರದರ್ಶನವನ್ನು ಗಾಯನ ಶಿಕ್ಷಕರೂ ವೃತ್ತಿಪರ ಗಾಯಕರೂ ನಡುನಡುವೆ ನಿಲ್ಲಿಸಿ, ಬಿಡಿಸಿ ವಿವರಿಸುವ ವಿಡಿಯೊಗಳು ಇವು. ಇಂಥವನ್ನು ಸಾಕಷ್ಟು ನೋಡಿದ ಮೇಲೆ ನನಗೆ ಅನ್ನಿಸಿರುವುದಿಷ್ಟು: ಸಂಗೀತ ವಿಮರ್ಶೆಯೆಂಬ ಹಳೆಯ ವೃತ್ತಿ ಪತ್ರಿಕೆಯ ಪುಟದಿಂದ ಇಲ್ಲಿಗೆ ಮನೆ ಬದಲಿಸಿದೆ. ಅದರೊಂದಿಗೆ ಆ ವೃತ್ತಿಗೆ ಸಂಬಳ ಕೊಡುವವರೂ ಬದಲಾಗಿದ್ದಾರೆ. ಯೋಚಿಸಬೇಕಾದದ್ದು ಈ ಎರಡನೆಯ ಸಂಗತಿಯ ಬಗ್ಗೆ.

‘ಅಕಾಪೆಲಾ’ ಎಂಬ ಇಟಾಲಿಯನ್ ಮಾತಿಗೆ ‘ಪ್ರಾರ್ಥನಾ ಮಂದಿರದ ರೀತಿಯಲ್ಲಿ’ ಎಂದು ಅರ್ಥ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಪೋಪರ ಗಾಯಕವೃಂದ ವಾದ್ಯಗಳಿಲ್ಲದೆ ಹಾಡುವ ಸಂಪ್ರದಾಯ ಶತಮಾನಗಳಷ್ಟು ಹಳೆಯದು. 1770ರಲ್ಲಿ ಹದಿನಾಲ್ಕರ ಬಾಲಕ ಮೊಟ್ಸಾರ್ಟ್ ಅಲ್ಲಿ ಅಲೆಗ್ರಿಯ ‘ಮಿಸೆರೆರೆ’ ಕೃತಿಯನ್ನು ಕೇಳಿ ನೆನಪಿನಿಂದಲೇ ಬರೆದಿಟ್ಟನೆಂದು ಅವನ ತಂದೆ ಮನೆಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಹಲವು ಕಂಠಗಳ ಹೆಣಿಗೆಯನ್ನು ಎಳೆಎಳೆಯಾಗಿ ಬಿಡಿಸಿ ಕೇಳುವ ಕುತೂಹಲ ಇಂದು ನಿನ್ನೆಯದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಲೆ ಚರ್ಚಿನಿಂದ ಕಾಲೇಜಿಗೆ, ಅಲ್ಲಿಂದ ರಂಗಕ್ಕೆ ಬಂದಿತು. ಯೇಲ್ ವಿಶ್ವವಿದ್ಯಾಲಯದ ವಿಫೆನ್‌ಪೂಫ್ಸ್ ತಂಡ 1909ರದು. 1962ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಿಂಗಲ್ ಸಿಂಗರ್ಸ್, 1968ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಹಿನ್ನೆಲೆಯಿಂದ ಕಿಂಗ್ಸ್ ಸಿಂಗರ್ಸ್ ಹುಟ್ಟಿಕೊಂಡವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿದ್ಯಾರ್ಥಿಗಳು 1996ರಲ್ಲಿ ‘ಪೆನ್ ಮಸಾಲಾ’ ಕಟ್ಟಿ ಹಿಂದಿ ಚಿತ್ರಗೀತೆಗಳನ್ನೂ ಇಂಗ್ಲಿಷ್ ಪಾಪ್ ಹಾಡುಗಳನ್ನೂ ಒಟ್ಟಿಗೆ ಹೆಣೆದರು. 2009ರಲ್ಲಿ ಅವರು ಶ್ವೇತಭವನದ ದೀಪಾವಳಿಯಲ್ಲಿ ಹಾಡಿದರು.

ಇಂದಿನ ಅಲೆಗೆ ಕಾರಣವಾದದ್ದು ಅಮೆರಿಕದ ಎನ್‌ಬಿಸಿ ವಾಹಿನಿಯ ‘ದಿ ಸಿಂಗ್ ಆಫ್’ ಸ್ಪರ್ಧೆ. ಟೆಕ್ಸಸ್ ರಾಜ್ಯದ ಆರ್ಲಿಂಗ್‌ಟನ್ ಮೂಲದ ಪೆಂಟಾಟೋನಿಕ್ಸ್ ತಂಡ 2011ರಲ್ಲಿ ಅದನ್ನು ಗೆದ್ದು ಎರಡು ಲಕ್ಷ ಡಾಲರ್ ಬಹುಮಾನವನ್ನೂ ಧ್ವನಿಮುದ್ರಣದ ಒಪ್ಪಂದವನ್ನೂ ಪಡೆಯಿತು. ಧ್ವನಿಮುದ್ರಣ ಸಂಸ್ಥೆ ಬೇಗನೆ ಕೈಬಿಟ್ಟಿತು. ಐವರು ಯುವಕ ಯುವತಿಯರು ಧೃತಿಗೆಡದೆ ಯೂಟ್ಯೂಬನ್ನೇ ರಂಗಸ್ಥಳ ಮಾಡಿಕೊಂಡರು. 2013ರಲ್ಲಿ ಫ್ರೆಂಚ್ ಜೋಡಿ ಡಾಫ್ಟ್ ಪಂಕ್‌ನ ಹಾಡುಗಳನ್ನು ಪೋಣಿಸಿ ಅವರು ಹಾಡಿದ ಮಾಲಿಕೆಗೆ 2015ರಲ್ಲಿ ಗ್ರ್ಯಾಮಿ ಬಂದಿತು. ಅದೇ ವರ್ಷ ಅವರ ಆಲ್ಬಮ್ಮೊಂದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2013ರ ಸ್ಪರ್ಧೆಯನ್ನು ಗೆದ್ದ ಮಿನೆಸೊಟಾದ ‘ಹೋಮ್ ಫ್ರೀ’, ಅದೇ ಸ್ಪರ್ಧೆಯಲ್ಲಿ ಹಾಡಿದ ಫ್ಲಾರಿಡಾದ ‘ವಾಯ್ಸ್‌ಪ್ಲೇ’ ತಂಡಗಳೂ ಇದೇ ದಾರಿ ಹಿಡಿದವು. ವಿಶ್ಲೇಷಕರ ಪರದೆಯ ಮೇಲೆ ಮತ್ತೆಮತ್ತೆ ಕಾಣಿಸಿಕೊಳ್ಳುವ ಹೆಸರುಗಳು ಈ ಮೂರು.

ವಿಶ್ಲೇಷಣೆಗೆ ಈ ಪ್ರಕಾರವೇ ಏಕೆ ಹೆಚ್ಚಾಗಿ ಒದಗುತ್ತದೆ? ಡಾಫ್ಟ್ ಪಂಕ್‌ನ ಮೂಲ ಸಂಗೀತ ಯಂತ್ರಗಳಿಂದ ಹುಟ್ಟಿದ್ದು. ಸಿಂಥಸೈಸರ್, ಡ್ರಮ್ ಯಂತ್ರ, ದನಿಯನ್ನೂ ಯಂತ್ರದ ದನಿಯಾಗಿಸುವ ಉಪಕರಣ. ಅದನ್ನೆಲ್ಲ ಐದು ಬಾಯಿಗಳು ಮಾಡಿ ತೋರಿಸುವಾಗ ‘ಈ ಸದ್ದು ಯಾರದು?’ ಎಂಬ ಪ್ರಶ್ನೆ ಕೇಳುಗನಲ್ಲಿ ತಾನಾಗಿ ಏಳುತ್ತದೆ. ಬಲ್ಲ ಶಿಕ್ಷಕಿಯೊಬ್ಬಳು ಆ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ತಳದಲ್ಲಿ ಗುಡುಗುವ ದನಿ ಮಂದ್ರ ಗಾಯಕನದು, ತಾಳವಾದ್ಯದಂತೆ ಕೇಳಿಸುವುದು ಇನ್ನೊಬ್ಬನ ತುಟಿ, ನಾಲಗೆ, ಉಸಿರುಗಳ ಕೆಲಸ ಎಂದು ಬೇರ್ಪಡಿಸಿ ತೋರಿಸುತ್ತಾಳೆ. ಕೊನ್ನಕೋಲು ಕೇಳಿದ ನಮಗೆ ಬಾಯಿಯಲ್ಲಿ ಲಯ ನುಡಿಸುವುದು ಹೊಸದಲ್ಲ. ಆದರೆ ಕೊನ್ನಕೋಲು ಲಯವನ್ನು ಸೊಲ್ಲುಗಳಲ್ಲಿ ಹೇಳುತ್ತದೆ; ಇವರ ‘ಬೀಟ್‌ಬಾಕ್ಸ್’ ವಾದ್ಯದ ನಾದವನ್ನೇ ಅನುಕರಿಸುತ್ತದೆ. ಈ ವ್ಯತ್ಯಾಸ ತಿಳಿದ ಮೇಲೆ ಎರಡರ ಮೇಲೂ ಗೌರವ ಹೆಚ್ಚುತ್ತದೆ.

ನಮ್ಮಂಥವರಿಗೆ ಈ ವಿಡಿಯೊಗಳಿಂದ ಆಗಿರುವ ದೊಡ್ಡ ಉಪಕಾರ ಇನ್ನೊಂದಿದೆ. ರಾಗಕ್ಕೆ ಒಗ್ಗಿದ ಕಿವಿ ಒಂದು ಎಳೆಯನ್ನು ಹಿಡಿದು ಅದರ ಹಿಂದೆ ಸಾಗುತ್ತದೆ. ಏಕಕಾಲಕ್ಕೆ ನಾಲ್ಕೈದು ಸ್ವರಗಳು ಕೂಡಿ ನಿಲ್ಲುವ ಪಾಶ್ಚಾತ್ಯ ಸ್ವರಮೇಳ ನಮಗೆ ಇಂಪಾದ ಗದ್ದಲದಂತೆ ಕೇಳಿಸಿಬಿಡಬಹುದು. ಶ್ರುತಿ ಕೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ ಯಾರೂ ನುಡಿಸದ ಗಾಂಧಾರವೊಂದು ಸ್ವಯಂಭುವಾಗಿ ಕೇಳಿಸುವುದನ್ನು ನಮ್ಮ ಕಛೇರಿಗಳ ರಸಿಕರು ಬಲ್ಲರು. ಅಮೆರಿಕದ ‘ಬಾರ್ಬರ್‌ಶಾಪ್’ ಶೈಲಿಯ ಗಾಯಕರು ನಾಲ್ಕು ಕಂಠಗಳನ್ನು ನಿಖರವಾಗಿ ಕೂಡಿಸಿದಾಗ ತಲೆಯ ಮೇಲೆ ಐದನೆಯ ದನಿಯೊಂದು ಮೊಳಗಿದಂತಾಗುವುದರ ಹಿಂದೆಯೂ ಉಪಸ್ವರಗಳ ಇದೇ ಭೌತಶಾಸ್ತ್ರವಿದೆ. ಪಿಯಾನೊದ ಗಾಂಧಾರ ಶುದ್ಧ ಗಾಂಧಾರಕ್ಕಿಂತ ತುಸು ಏರಿದ್ದು. ವಾದ್ಯದ ಹಂಗಿಲ್ಲದ ಕಂಠಗಳು ಶುದ್ಧ ಸ್ಥಾನದಲ್ಲಿ ನಿಲ್ಲಬಲ್ಲವು. ಇದಕ್ಕೆ ಎಲ್ಲರೂ ‘ಆ’ಕಾರವನ್ನು ಒಂದೇ ಬಗೆಯಲ್ಲಿ ಉಚ್ಚರಿಸಬೇಕು, ನಾದ ಕಡಿಯದಂತೆ ಸರದಿಯಲ್ಲಿ ಉಸಿರು ತೆಗೆದುಕೊಳ್ಳಬೇಕು. ಇವನ್ನೆಲ್ಲ ಪುಸ್ತಕದಲ್ಲಿ ಓದಿ ತಿಳಿಯುವುದು ಕಷ್ಟ. ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿಸಿದಾಗ ಕಿವಿ ತಾನೇ ಕಲಿಯುತ್ತದೆ. ಆಪೆರಾ ಗಾಯಕಿ ಎಲಿಜಬೆತ್ ಜಾರಾಫ್ ಅವರ ‘ದಿ ಕರಿಸ್ಮ್ಯಾಟಿಕ್ ವಾಯ್ಸ್’ನಂತಹ ವಾಹಿನಿಗಳು ಮಾಡುತ್ತಿರುವುದು ಈ ಶಿಕ್ಷಣವನ್ನೇ. ಹಿಂದೆ ಸಂಗೀತ ಶಾಲೆಯ ಶುಲ್ಕ ಕೊಟ್ಟವರಿಗಷ್ಟೇ ಸಿಗುತ್ತಿದ್ದ ಪಾಠವಿದು.

ಇಲ್ಲಿಯವರೆಗಿನದು ಜಮಾ ಪಟ್ಟಿ. ಖರ್ಚಿನ ಪಟ್ಟಿಯನ್ನೂ ನೋಡಬೇಕು.

ಕೊಳ್ಳುವ ಮೊದಲೇ ಗುಣ ಪರೀಕ್ಷಿಸಬಹುದಾದ ಸರಕುಗಳು, ಬಳಸಿದ ಮೇಲಷ್ಟೇ ಗುಣ ತಿಳಿಯುವ ಸರಕುಗಳು ಎಂದು ಅರ್ಥಶಾಸ್ತ್ರ ವಿಂಗಡಿಸುತ್ತದೆ. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬ ವಿದ್ವಾಂಸರು ಮೂರನೆಯ ವರ್ಗವನ್ನು ಗುರುತಿಸಿದರು: ಬಳಸಿದ ಮೇಲೂ ಸಾಮಾನ್ಯನಿಗೆ ಗುಣ ತಿಳಿಯದ, ಬಲ್ಲವರ ಮಾತನ್ನೇ ನಂಬಬೇಕಾದ ಸರಕುಗಳು. ವೈದ್ಯರ ಸಲಹೆ, ಮೆಕ್ಯಾನಿಕ್‌ನ ರಿಪೇರಿ ಈ ಬಗೆಯವು. ಇಂದಿನ ಅಕಾಪೆಲಾ ವಿಡಿಯೊಗಳೂ ಬಹುಮಟ್ಟಿಗೆ ಇದೇ ವರ್ಗಕ್ಕೆ ಸೇರುತ್ತವೆ. ಚಿತ್ರದಲ್ಲಿ ಗಾಯಕರು ಮರುಭೂಮಿಯಲ್ಲೋ ಕಾಡಿನಲ್ಲೋ ನಿಂತು ಹಾಡುತ್ತಿರುವಂತೆ ಕಂಡರೂ ಧ್ವನಿಯನ್ನು ಸ್ಟುಡಿಯೊದಲ್ಲಿ ಬೇರೆಯಾಗಿ, ಒಂದೊಂದೇ ಪದರವಾಗಿ ಮುದ್ರಿಸಿಕೊಳ್ಳುವುದು ಸಾಮಾನ್ಯ ಪದ್ಧತಿ. ಶ್ರುತಿಯನ್ನು ತಂತ್ರಾಂಶದಿಂದ ತಿದ್ದುವುದೂ ಉಂಟು. ಇದು ಮೋಸವೇನಲ್ಲ, ಸಿನಿಮಾದಲ್ಲಿ ಸಂಕಲನವಿದ್ದಂತೆ. ಆದರೆ ಇದರಲ್ಲಿ ಕಂಠದ ಸಾಧನೆಯೆಷ್ಟು, ಸ್ಟುಡಿಯೊದ ಕೈಚಳಕವೆಷ್ಟು ಎಂಬುದನ್ನು ಕೇಳುಗ ತಾನಾಗಿ ತಿಳಿಯಲಾರ. ಅದನ್ನು ಹೇಳಬೇಕಾದವರು ಈ ವಿಶ್ಲೇಷಕರು. ಸರಕಿನ ಗುಣಕ್ಕೆ ಪ್ರಮಾಣಪತ್ರ ಕೊಡುವ ಸ್ಥಾನದಲ್ಲಿ ಅವರಿದ್ದಾರೆ.

ಹಾಗಾದರೆ ಪ್ರಮಾಣಪತ್ರ ಕೊಡುವವರಿಗೆ ಹಣ ಎಲ್ಲಿಂದ ಬರುತ್ತದೆ? ಜಾಹೀರಾತಿನಿಂದ, ಹಾಗೂ ಪೇಟ್ರಿಯಾನ್‌ನಂತಹ ತಾಣಗಳಲ್ಲಿ ಅಭಿಮಾನಿಗಳು ಕಟ್ಟುವ ಚಂದಾದಿಂದ. ಚಂದಾ ಕಟ್ಟಿದವರು ಮುಂದೆ ಯಾವ ಹಾಡನ್ನು ವಿಶ್ಲೇಷಿಸಬೇಕೆಂದು ಸೂಚಿಸುವ ವ್ಯವಸ್ಥೆಯೂ ಅನೇಕ ಕಡೆ ಇದೆ. ಹಾಡನ್ನು ಆರಿಸುವವನು ಆ ತಂಡದ ಅಭಿಮಾನಿ. ಅವನು ಕೊಳ್ಳುತ್ತಿರುವುದು ತನ್ನ ಮೆಚ್ಚುಗೆಗೆ ತಜ್ಞರ ಅನುಮೋದನೆಯನ್ನು. ಲೆಕ್ಕಪರಿಶೋಧಕನ ಸಂಬಳವನ್ನು ಲೆಕ್ಕ ಒಪ್ಪಿಸುವವನೇ ಕೊಟ್ಟರೆ ಆಕ್ಷೇಪಣೆಗಳು ಹೇಗೆ ಮೆತ್ತಗಾಗುತ್ತವೆ ಎಂಬುದನ್ನು ಸರ್ಕಾರಿ ಕಚೇರಿಗಳಲ್ಲಿ ದುಡಿದವರಿಗೆ ವಿವರಿಸಬೇಕಿಲ್ಲ. ಇಲ್ಲಿಯೂ ಅದೇ ಆಗುತ್ತದೆ. ಮಂದ್ರ ಗಾಯಕ ಪಾತಾಳಕ್ಕಿಳಿಯುವ ಕ್ಷಣಕ್ಕೆ ಸರಿಯಾಗಿ ಕಣ್ಣರಳಿಸಿ, ಬಾಯಿ ತೆರೆದು, ಕುರ್ಚಿಯಿಂದ ಹಿಂದಕ್ಕೊರಗುವ ಬೆರಗು ಒಂದು ಕಡ್ಡಾಯ ಅಂಗವಾಗಿಬಿಟ್ಟಿದೆ. ಜಾನಿ ಕ್ಯಾಶ್ 1963ರಲ್ಲಿ ಹಾಡಿ ಪ್ರಸಿದ್ಧವಾಗಿಸಿದ ‘ರಿಂಗ್ ಆಫ್ ಫೈರ್’ ಹಾಡನ್ನು ಹೋಮ್ ಫ್ರೀ ತಂಡ ಪೆಂಟಾಟೋನಿಕ್ಸ್‌ನ ಅಂದಿನ ಮಂದ್ರ ಗಾಯಕ ಅವಿ ಕಪ್ಲಾನ್ ಜೊತೆ ಹಾಡಿದೆ. ಅದರ ಪ್ರತಿಕ್ರಿಯೆಗಳನ್ನು ಸಾಲಾಗಿ ನೋಡಿದರೆ ಒಂದೇ ಜಾಗದಲ್ಲಿ ಒಂದೇ ಬಗೆಯ ಉದ್ಗಾರ ಮರುಕಳಿಸುವುದು ಕಾಣುತ್ತದೆ. ಎಲ್ಲ ಉದ್ಗಾರವೂ ನಟನೆಯೆಂದು ನಾನು ಹೇಳಲಾರೆ. ಆದರೆ ಬೆರಗಿಗೆ ಬೆಲೆಯಿರುವ ಮಾರುಕಟ್ಟೆಯಲ್ಲಿ ಬೆರಗಿನ ಉತ್ಪಾದನೆ ಹೆಚ್ಚುತ್ತದೆಂಬುದು ಬೇಡಿಕೆ ಪೂರೈಕೆಯ ಮೊದಲ ಪಾಠ.

ಇದಕ್ಕೆ ಹೊರತಾದವರೂ ಇದ್ದಾರೆ. ‘ವಿಂಗ್ಸ್ ಆಫ್ ಪೆಗಸಸ್’ ವಾಹಿನಿಯ ಫಿಲ್ ಎಂಬ ಇಂಗ್ಲಿಷ್ ಸಂಗೀತಗಾರ ದನಿಯ ಏರಿಳಿತವನ್ನು ನಕ್ಷೆಯಲ್ಲಿ ಮೂಡಿಸಿ, ಎಲ್ಲಿ ಸಹಜ ಗಾಯನವಿದೆ, ಎಲ್ಲಿ ತಂತ್ರಾಂಶದ ತಿದ್ದುಪಡಿಯಿದೆ ಎಂದು ತೋರಿಸುತ್ತಾರೆ. ಮೆಚ್ಚಿನ ಗಾಯಕರ ಬಗ್ಗೆ ಇಂಥ ಮಾತು ಅಭಿಮಾನಿಗಳಿಗೆ ಹಿತವೆನಿಸದು. ಹಾಗಿದ್ದೂ ಅದನ್ನು ನೋಡುವ ದೊಡ್ಡ ಸಮೂಹವಿರುವುದು ಸಮಾಧಾನದ ಸಂಗತಿ. ನಿಷ್ಠುರವಾದ ವಿಮರ್ಶೆಗೂ ಗಿರಾಕಿಗಳಿದ್ದಾರೆ.

ಇನ್ನು ಹಕ್ಕಿನ ಪ್ರಶ್ನೆ. ಹಾಡು ಬರೆದವರದೊಂದು ಹಕ್ಕು, ಅದನ್ನು ಹಾಡಿ ಮುದ್ರಿಸಿದವರದೊಂದು. ಇವೆರಡರ ಮೇಲೆ ಮೂರನೆಯವನು ಕುಳಿತು ಸಂಪಾದಿಸಬಹುದೇ? 2016ರ ಜನವರಿಯಲ್ಲಿ ಅಮೆರಿಕದ ಫೈನ್ ಸಹೋದರರು ‘ರಿಯಾಕ್ಟ್’ ಎಂಬ ಪದವನ್ನೇ ತಮ್ಮ ವಾಣಿಜ್ಯ ಮುದ್ರೆಯಾಗಿಸಿಕೊಂಡು ಈ ಮಾದರಿಯನ್ನು ಇತರರಿಗೆ ಪರವಾನಗಿ ಮೇಲೆ ಕೊಡಲು ಹೊರಟರು. ಜನರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂದೆಗೆದರು. 2017ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಹೊಸೈನ್‌ಜಾದೆ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಮಹತ್ವದ ತೀರ್ಪಿತ್ತಿತು. ಅದು ಸಂಗೀತದ ವಿಡಿಯೊ ಆಗಿರಲಿಲ್ಲ. ಐದೂವರೆ ನಿಮಿಷದೊಳಗಿನ ಹಾಸ್ಯ ದೃಶ್ಯವೊಂದರ ಮೂರು ನಿಮಿಷಕ್ಕೂ ಹೆಚ್ಚು ಭಾಗವನ್ನು ತಮ್ಮ ಸುಮಾರು ಹದಿನಾಲ್ಕು ನಿಮಿಷದ ವಿಡಿಯೊದಲ್ಲಿ ತುಣುಕು ತುಣುಕಾಗಿ ಬಳಸಿ ದಂಪತಿಯೊಬ್ಬರು ಟೀಕಿಸಿದ್ದರು. ಅದು ನ್ಯಾಯೋಚಿತ ಬಳಕೆಯೆಂದು ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ಎತ್ತಿಹಿಡಿದರು. ಆದರೆ ಎಲ್ಲ ರಿಯಾಕ್ಷನ್ ವಿಡಿಯೊಗಳಿಗೂ ಈ ರಕ್ಷಣೆ ಇರುವುದಿಲ್ಲ, ಟೀಕೆ ಟಿಪ್ಪಣಿಯಿಲ್ಲದೆ ಒಟ್ಟಿಗೆ ಕುಳಿತು ನೋಡಿದಂತಿರುವವು ಬೇರೆ ಎಂದು ಎಚ್ಚರಿಸುವುದನ್ನು ಅವರು ಮರೆಯಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೂಡ ವಿಮರ್ಶೆ ಅಥವಾ ಸಮೀಕ್ಷೆಗಾಗಿ ಕೃತಿಯ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ನಮ್ಮಲ್ಲೂ ಹಳೆಯ ಹಾಡುಗಳನ್ನು ಬಿಡಿಸಿ ವಿವರಿಸಲು ಬಯಸುವ ತರುಣ ಸಂಗೀತಗಾರರಿಗೆ ಈ ಅವಕಾಶ ಮುಖ್ಯವಾದದ್ದು.

ನ್ಯಾಯಾಲಯದ ಈ ವಿವೇಚನೆಯನ್ನೇ ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವಿಶ್ಲೇಷಣೆಯು ಮೂಲ ಹಾಡಿಗೆ ಪೂರಕ ಸರಕಾಗಿರಬೇಕೇ ಹೊರತು ಬದಲಿ ಸರಕಾಗಬಾರದು. ಯೂಟ್ಯೂಬಿನ ‘ಕಂಟೆಂಟ್ ಐಡಿ’ ಎಂಬ ಸ್ವಯಂಚಾಲಿತ ವ್ಯವಸ್ಥೆಗೆ ಈ ಭೇದ ತಿಳಿಯದು. ಹಾಡು ಗುರುತು ಸಿಕ್ಕೊಡನೆ ಹಕ್ಕುದಾರರು ವಿಡಿಯೊವನ್ನು ತಡೆಯಬಹುದು ಇಲ್ಲವೇ ಅದರ ಆದಾಯವನ್ನು ಪಡೆಯಬಹುದು. ಹತ್ತು ಕಡೆ ನಿಲ್ಲಿಸಿ ಪಾಠ ಹೇಳಿದವರಿಗೂ ಸುಮ್ಮನೆ ತಲೆದೂಗಿದವರಿಗೂ ಒಂದೇ ತಕ್ಕಡಿ. ಪ್ರಾಮಾಣಿಕ ವಿಶ್ಲೇಷಕ ಜಾಹೀರಾತಿನ ಹಣ ಕಳೆದುಕೊಂಡು ಅಭಿಮಾನಿಗಳ ಚಂದಾದ ಕಡೆಗೇ ಇನ್ನಷ್ಟು ವಾಲುವಂತೆ ಮಾಡುತ್ತಿರುವುದು ಈ ತಕ್ಕಡಿಯೇ.

ಇದಕ್ಕೆ ಕಾನೂನಿನಿಂದಲೇ ಪರಿಹಾರ ಸಿಗುವುದೆಂಬ ಭ್ರಮೆ ನನಗಿಲ್ಲ. ಆದರೆ ಕೆಲವು ಕನಿಷ್ಠ ಸಭ್ಯತೆಗಳನ್ನು ನಿರೀಕ್ಷಿಸುವುದು ತಪ್ಪಲ್ಲ. ಹಾಡನ್ನು ಸೂಚಿಸಿದವರು ಹಣ ಕೊಟ್ಟಿದ್ದಾರೆಯೇ ಎಂಬುದನ್ನು ವಿಶ್ಲೇಷಕರು ಆರಂಭದಲ್ಲೇ ಹೇಳಲಿ. ಮೊದಲ ಸಲ ಕೇಳುತ್ತಿದ್ದೇನೆಂಬ ಮಾತು ನಿಜವಾಗಿದ್ದಾಗ ಮಾತ್ರ ಆಡಲಿ. ಇದು ನೇರ ಗಾಯನವೋ ಸ್ಟುಡಿಯೊ ಮುದ್ರಣವೋ ಎಂಬುದನ್ನು ತಿಳಿಸಲಿ. ಒಂದು ಹಾಡಿನಲ್ಲಿ ಮೆಚ್ಚದ ಅಂಶವಿದ್ದರೆ ಅದನ್ನೂ ಹೇಳುವ ಧೈರ್ಯ ತೋರಲಿ.

ಉಳಿದ ಹೊಣೆ ನೋಡುವವರದು. ನಮ್ಮ ಕಾವ್ಯಮೀಮಾಂಸೆ ಸಹೃದಯನಿಗೆ ಕವಿಗೆ ಸಮನಾದ ಸ್ಥಾನ ಕೊಟ್ಟಿದೆ. ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯ ವಿದ್ವಾಂಸರೊಬ್ಬರು ಮೆಲ್ಲನೆ ಆಡಿದ ‘ಭಲೇ’ಗೆ ಗಾಯಕರು ಹಿಗ್ಗುತ್ತಿದ್ದುದು, ಅವರು ಸುಮ್ಮನಿರಬಲ್ಲವರೂ ಆಗಿದ್ದರು ಎಂಬ ಕಾರಣಕ್ಕೆ. ಎಲ್ಲದಕ್ಕೂ ಬೆರಗಾಗುವವರ ಬೆರಗಿನಿಂದ ನಮಗೆ ತಿಳಿದುಬರುವುದು ಕಡಿಮೆ. ಆದ್ದರಿಂದ ಇಂಥ ವಿಡಿಯೊ ಮುಗಿದ ಮೇಲೆ ಮೂಲ ಹಾಡಿಗೆ ಒಮ್ಮೆ ಹಿಂದಿರುಗುವುದು ಒಳ್ಳೆಯದು. ಮೊದಲು ಕಿವಿಗೆ ಬೀಳದಿದ್ದ ಒಂದು ಎಳೆ, ಒಂದು ಉಸಿರು, ನಡುವಿನ ಒಂದು ಸ್ವರ ಈಗ ಕೇಳಿಸಿದರೆ ಆ ಇಪ್ಪತ್ತು ನಿಮಿಷ ಸಾರ್ಥಕ. ಕೇಳಿಸದಿದ್ದರೆ ಮುಂದಿನ ಸಲ ಹಾಡನ್ನಷ್ಟೇ ಕೇಳಬಹುದು.