ಕನಸು ಕೈಜಾರುವ ಮುನ್ನ

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ಮೂಡುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಕನ್ನಡದಲ್ಲಿ ಅರಿವಿನ ಕನಸು ಎಂದರೆ ಸಾಕು. 1913ರಲ್ಲಿ ಈ ಪದವನ್ನು ಇಂಗ್ಲಿಷಿನಲ್ಲಿ ಚಾಲ್ತಿಗೆ ತಂದವರು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್. ಇಂಥ ಕನಸಿನ ದೊಡ್ಡ ತೊಡಕೆಂದರೆ ಅದರ ಅಲ್ಪಾಯುಷ್ಯ. ಗೊತ್ತಾದೊಡನೆ ಖುಷಿ ಉಕ್ಕುತ್ತದೆ, ಎದೆ ಡವಗುಟ್ಟುತ್ತದೆ, ಮರುಕ್ಷಣ ನೋಡಿದರೆ ತಲೆಯ ಮೇಲೆ ಮಲಗುವ ಕೋಣೆಯ ಫ್ಯಾನು ತಿರುಗುತ್ತಿರುತ್ತದೆ.

ಇಂಥ ಕನಸು ಕಟ್ಟುಕತೆಯಲ್ಲ ಎಂದು ಪ್ರಯೋಗಾಲಯದಲ್ಲಿ ಮೊದಲು ತೋರಿಸಿದವರು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್, 1975ರಲ್ಲಿ. ಕನಸು ದಟ್ಟವಾಗಿರುವ ರೆಮ್ ನಿದ್ರೆಯಲ್ಲಿ ಕೈಕಾಲುಗಳು ಮಿಸುಕದಂತೆ ಮಿದುಳೇ ತಡೆಹಿಡಿದಿರುತ್ತದೆ. ಕಣ್ಣುಗುಡ್ಡೆಗಳಿಗೆ ಮಾತ್ರ ಆ ಕಟ್ಟು ಇಲ್ಲ. ಅಲನ್ ವರ್ಸ್ಲಿ ಎಂಬವರು ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು. ಕಣ್ಣಿನ ಚಲನೆ ದಾಖಲಿಸುವ ಯಂತ್ರದಲ್ಲಿ ಆ ಹೊರಳಾಟದ ಗೀಟುಗಳು ಮೂಡಿದವು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ತಮ್ಮದೇ ದಾರಿಯಲ್ಲಿ ಅದೇ ಫಲಿತಾಂಶ ಕಂಡರು. ಕನಸನ್ನು ಹಿಡಿದಿಡುವ ಉಪಾಯಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡವರೂ ಅವರೇ.

ಕನಸು ಕರಗುವುದಕ್ಕೆ ಒಂದು ಕ್ರಮವಿದೆ. ಮೊದಲು ಬಣ್ಣ ಮಾಸುತ್ತದೆ, ಗೋಡೆ ಮರಗಳು ಚಿತ್ರದಂತೆ ಚಪ್ಪಟೆಯಾಗುತ್ತವೆ, ನೋಟ ಹೋಗುತ್ತದೆ. ಸ್ಪರ್ಶ ಮಾತ್ರ ಸಾಮಾನ್ಯವಾಗಿ ಕೊನೆಯವರೆಗೂ ಉಳಿದಿರುತ್ತದೆ. ಕನಸು ಮಾಸುತ್ತಿದ್ದಾಗ ಒಮ್ಮೆ ಲಾಬರ್ಜ್ ಮೈ ಸಡಿಲಬಿಟ್ಟು ಕನಸಿನ ನೆಲದ ಮೇಲೆ ಕುಸಿದರು. ಎಚ್ಚರವಾಗುವ ಬದಲು ಇನ್ನೊಂದು ಕನಸು ತೆರೆಯಿತು. ಕೆಲಸ ಮಾಡಿದ್ದು ಸಡಿಲಿಕೆಯಲ್ಲ, ಬೀಳುವಾಗಿನ ಚಲನೆ ಎಂದು ಅವರಿಗೆ ಹೊಳೆಯಿತು. ಅಲ್ಲಿಂದ ಹುಟ್ಟಿದ್ದು ಗಿರಕಿ ಹೊಡೆಯುವ ವಿಧಾನ. ನೋಟ ಮಂಜಾಗತೊಡಗಿದ ಕೂಡಲೇ ಕನಸಿನ ಮೈಯಲ್ಲೇ ಎದ್ದು ನಿಂತು, ಎರಡೂ ತೋಳು ಚಾಚಿ, ಅಂಗಳದಲ್ಲಿ ಮಕ್ಕಳು ತಲೆಸುತ್ತುವವರೆಗೆ ತಿರುಗುವಂತೆ ಬುಗುರಿಯಾಗಬೇಕು. ತಿರುಗುತ್ತಿದ್ದೇನೆಂದು ಊಹಿಸಿಕೊಂಡರೆ ಸಾಲದು, ಸುತ್ತು ಮೈಗೆ ತಟ್ಟಬೇಕು.

ಇನ್ನೊಂದು ಉಪಾಯ ಸರಳ: ಕನಸಿನ ಅಂಗೈಗಳನ್ನು ಒಂದಕ್ಕೊಂದು ಜೋರಾಗಿ ಉಜ್ಜುವುದು, ಚಳಿಗೆ ಉಜ್ಜಿಕೊಳ್ಳುವಂತೆ. ಲಾಬರ್ಜ್ ಎರಡನ್ನೂ ಆಸಕ್ತರಿಂದ ಮನೆಯಲ್ಲೇ ಮಾಡಿಸಿ ಹೋಲಿಸಿದರು. 1995ರಲ್ಲಿ ಪ್ರಕಟವಾದ ಲೆಕ್ಕದಂತೆ, ಗಿರಕಿ ಹೊಡೆದಾಗ ಕನಸು ಮುಂದುವರಿಯುವ ಮತ್ತು ಮುಗಿಯುವ ಸಂಭವಗಳ ಅನುಪಾತ 22:1, ಕೈ ಉಜ್ಜಿದಾಗ 13:1. ಏನೂ ಮಾಡದೆ ಬಿಟ್ಟಾಗ 1:2, ಎಂದರೆ ಉಳಿಯುವುದಕ್ಕಿಂತ ಮುಗಿಯುವುದೇ ಹೆಚ್ಚು. ಅಭ್ಯಾಸಿಗಳು ತಾವೇ ಬರೆದು ಕಳಿಸಿದ ವರದಿಗಳಿವು, ನಿದ್ರಾ ಪ್ರಯೋಗಾಲಯದ ಅಳತೆಯಲ್ಲ. ಹಾಗಾಗಿ ಅಂಕಿಗಳಿಗಿಂತ ಅವು ತೋರುವ ದಿಕ್ಕನ್ನು ನಂಬುವುದು ಮೇಲು.

ಎರಡೂ ಉಪಾಯಗಳ ಗುಟ್ಟು ಒಂದೇ ಎಂದು ತೋರುತ್ತದೆ. ಕನಸಿನ ಮೈಯ ಸುದ್ದಿಯಲ್ಲೇ ಮಿದುಳು ಮುಳುಗಿದ್ದರೆ, ಹಾಸಿಗೆಯ ಮೇಲಿನ ನಿಜವಾದ ಮೈಯ ಕಡೆ ಗಮನ ಹರಿಯಲು ಎಡೆಯೇ ಇಲ್ಲ. ಗೋಡೆ ಮುಟ್ಟುವುದು, ನೆಲ ತುಳಿಯುವುದು, ಎದುರಿಗೆ ಬಂದವರನ್ನು ಮಾತಿಗೆಳೆಯುವುದು ಎಲ್ಲಕ್ಕೂ ಇದೇ ತರ್ಕ. ‘ಹೊರಗೆ ನಾನು ಹೇಗೆ ಮಲಗಿದ್ದೇನೆ’ ಎಂಬ ಕುತೂಹಲ ಬಂದರೆ ಕನಸಿಗೆ ಎಳ್ಳುನೀರು ಬಿಟ್ಟಂತೆಯೇ.

ಒಂದೇ ವಸ್ತುವನ್ನು ದಿಟ್ಟಿಸುವುದು ತದ್ವಿರುದ್ಧ ಫಲ ಕೊಡಬಹುದು. ಕನಸಿನೊಳಗೆ ನೋಟ ನೆಟ್ಟರೆ ನಿಜವಾದ ಕಣ್ಣುಗುಡ್ಡೆಗಳೂ ನಿಲ್ಲುತ್ತವೆ, ನಿದ್ದೆ ಹರಿಯುತ್ತದೆ. ದುಃಸ್ವಪ್ನದಿಂದ ಹೊರಬರಲು ಕೆಲವರು ಬಳಸುವುದು ಇದನ್ನೇ. ಇದಕ್ಕೆ ಬದಲಾಗಿ, ನೆಲ ನೋಡಿದರೆ ಕನಸು ಸ್ಥಿರವಾಗುತ್ತದೆಂದು ಜರ್ಮನಿಯ ಸಂಶೋಧಕ ಮೋರ್ಸ್-ಮೆಸ್ಮರ್ 1938ರಲ್ಲೇ ಹೇಳಿದ್ದರು. ಆದರೆ ಹಾಗೆ ನೋಡುವಾಗಲೂ ನೋಟ ಅಲ್ಲಿಂದಿಲ್ಲಿಗೆ ಓಡಾಡುತ್ತಿರಬೇಕು.

ಗಿರಕಿಯಲ್ಲಿ ಒಂದು ಬಲೆಯಿದೆ. ಸುತ್ತು ನಿಂತಾಗ ಹೊಸ ದೃಶ್ಯ ಮೂಡುತ್ತದೆ, ಅದು ಬಹಳ ಸಲ ಸ್ವಂತ ಮಲಗುವ ಕೋಣೆಯೇ! ಎಚ್ಚರವಾಯಿತೆಂದು ನಂಬಿ, ಎದ್ದು ಹಲ್ಲುಜ್ಜುವವರೂ ಉಂಟು, ಕನಸಿನಲ್ಲೇ. ಅದಕ್ಕಾಗಿ ತಿರುಗುವಷ್ಟೂ ಹೊತ್ತು ‘ಮುಂದೆ ಬರುವುದೂ ಕನಸೇ’ ಎಂದು ಹೇಳಿಕೊಳ್ಳಬೇಕು. ಗೋಡೆಯ ಕ್ಯಾಲೆಂಡರಿನ ಒಂದು ಸಾಲು ಓದಿ, ಮುಖ ತಿರುಗಿಸಿ ಮತ್ತೆ ಓದಿದರೆ ಸಂಶಯ ತೀರುತ್ತದೆ. ಕನಸಿನ ಅಕ್ಷರಗಳು ಎರಡನೇ ಸಲಕ್ಕೆ ಸಾಮಾನ್ಯವಾಗಿ ಬದಲಾಗಿರುತ್ತವೆ.

ಹೊತ್ತೂ ಮುಖ್ಯ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ರೆಮ್ ನಿದ್ರೆ ಮೊದಲ ಸುತ್ತಿನಲ್ಲಿ ಹತ್ತು ನಿಮಿಷವಿದ್ದರೆ ಹೆಚ್ಚು. ಬೆಳಗಿನ ಜಾವದ ಸುತ್ತುಗಳು ಅರ್ಧ ಗಂಟೆ ದಾಟುವುದುಂಟು. ಕನಸನ್ನು ಲಂಬಿಸಲು ಅವಕಾಶವಿರುವುದು ಅಲ್ಲಿ.

ಇಷ್ಟಾದರೂ ಎಚ್ಚರವಾದರೆ ಕಣ್ಣು ತೆರೆಯಬಾರದು, ಮಗ್ಗುಲು ಬದಲಿಸಬಾರದು. ರೆಮ್ ಅವಧಿ ಇನ್ನೂ ಉಳಿದಿದ್ದರೆ, ಅಲುಗದೆ ಮಲಗಿ ಕೊನೆಯ ದೃಶ್ಯವನ್ನು ನೆನೆಯುತ್ತಿರುವಾಗ, ಕೆಲವೊಮ್ಮೆ ಒಂದೆರಡು ನಿಮಿಷದೊಳಗೇ ಅದೇ ಬೀದಿ, ಅದೇ ಬಾಗಿಲು ಮರಳಿ ಬರುತ್ತದೆ.